ಹಳೆಯ ಗಾಡಿಯ ಕುದುರೆಗಳು

ಮೋಟಾರು ವಾಹನದ ಶಕ್ತಿಯನ್ನು ಇಂದಿಗೂ ಕುದುರೆಗಳ ಲೆಕ್ಕದಲ್ಲಿಯೇ ಹೇಳುವುದು ಲೋಕದ ರೂಢಿ. ಕುದುರೆಯನ್ನು ಮದುವೆಯ ಮೆರವಣಿಗೆಯಲ್ಲಲ್ಲದೆ ಬೇರೆಲ್ಲಿಯೂ ಕಂಡಿರದ ತರುಣರು ಕೂಡ, "ನಿಮ್ಮ ಗಾಡಿಗೆ ಎಷ್ಟು ಹಾರ್ಸ್ ಪವರ್?" ಎಂದು ಬಹು ಗಂಭೀರವಾಗಿ ಕೇಳುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವ್ಯಾಟನು ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ಕೆಲಸವನ್ನು ಮಾಡಬಲ್ಲುದೆಂಬುದನ್ನು ಗಿರಾಕಿಗಳಿಗೆ ಮನಗಾಣಿಸಬೇಕಾಗಿತ್ತು. ಕುದುರೆಯೊಂದು ನಿಮಿಷಕ್ಕೆ 33,000 ಪೌಂಡು ಭಾರವನ್ನು ಒಂದಡಿ ಎತ್ತಬಲ್ಲುದೆಂದು ಅವನು ಗೊತ್ತುಮಾಡಿದ. ಯೂರೋಪಿನವರು ಮುಂದೆ ಅದನ್ನು ಮೆಟ್ರಿಕ್ ಮಾನಕ್ಕೆ ಇಳಿಸಿ, ಸೆಕೆಂಡಿಗೆ 75 ಕಿಲೋಗ್ರಾಂ ಭಾರವನ್ನು ಒಂದು ಮೀಟರು ಎತ್ತುವ ಬಲವೇ ಒಂದು ಅಶ್ವಶಕ್ತಿ ಎಂದರು. ಎಲ್ಲ ಕುದುರೆಗಳೂ ಇಡೀ ದಿನ ಹೀಗೆ ದುಡಿಯಲಾರವೆಂಬುದು ಬೇರೆಯ ಮಾತು. ವ್ಯಾಪಾರಿಯ ಲೆಕ್ಕದಲ್ಲಿ ಸ್ವಲ್ಪ ಉದಾರತೆ ಇದ್ದೇ ಇರುತ್ತದೆ.

ನನ್ನ ಮನೆಯ ಅಂಗಳದಲ್ಲಿ ಇಂತಹ 85 ಕುದುರೆಗಳು ಇವೆ, ಅಥವಾ ಇರಬೇಕಾಗಿತ್ತು. 2013ರಲ್ಲಿ ಕೊಂಡ ರೆನೋ ಡಸ್ಟರ್ ಗಾಡಿ ಅದು. ಈಗ ಅದು 1,60,000 ಕಿಲೋಮೀಟರು ಓಡಿದೆ. ರುಮೇನಿಯಾ ದೇಶದ ಡಾಸಿಯಾ ಎಂಬ ಹೆಸರಿನಲ್ಲಿ ಯೂರೋಪಿನಲ್ಲಿ ಮಾರಾಟವಾಗುತ್ತಿದ್ದ ಈ ಗಾಡಿ 2012ರ ಜುಲೈ ತಿಂಗಳಲ್ಲಿ ನಮ್ಮ ದೇಶಕ್ಕೆ ಬಂದಿತು. ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಎಸ್‌ಯುವಿಯ ಎತ್ತರ, ಕಾರಿನ ಉದ್ದಳತೆ, ಸಂಸಾರಸ್ಥನಿಗೆ ಎಟುಕುವ ಬೆಲೆ, ಮಲೆನಾಡಿನ ಹೊಂಡಗಳಿಗೆ ಅಂಜದ ಸ್ಪ್ರಿಂಗುಗಳು: ಇವೆಲ್ಲವೂ ಒಂದೆಡೆ ಕೂಡಿದ್ದರಿಂದ ನಮ್ಮ ಕಡೆಯ ಅಡಿಕೆ ಬೆಳೆಗಾರರು, ಮೇಷ್ಟರುಗಳು, ವೈದ್ಯರು ಅದನ್ನು ಮೆಚ್ಚಿ ಕೊಂಡರು. ಹೊಸ ಹೊಗೆ ನಿಯಮಗಳು 2020ರ ಏಪ್ರಿಲಿನಲ್ಲಿ ಜಾರಿಗೆ ಬಂದಾಗ ಅದರ ಡೀಸೆಲ್ ಎಂಜಿನ್ ನಿಂತುಹೋಯಿತು. 2022ರಲ್ಲಿ ಆ ತಲೆಮಾರಿನ ಗಾಡಿಯ ತಯಾರಿಕೆಯೇ ಇಲ್ಲಿ ನಿಂತಿತು. ಆದರೂ ಕೊಂಡವರು ಅದನ್ನು ಬಿಟ್ಟಿಲ್ಲ. ಹಳೆಯ ಮನೆಯನ್ನು ಕೆಡವಲು ಮನಸ್ಸು ಬಾರದವರು ಹೆಂಚು ಬದಲಿಸಿ ಗೋಡೆಗೆ ಸುಣ್ಣ ಹೊಡೆಯುವ ಹಾಗೆ, ಈ ಗಾಡಿಯ ಒಡೆಯರೆಲ್ಲ ಈಗ ಒಂದೇ ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಇನ್ನಷ್ಟು ಬಲ ತುಂಬಬಹುದೇ?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದುದಕ್ಕೆ ಕಾರಣ ಆಗುಂಬೆಯ ಘಾಟಿ. ನನ್ನ ತಾಯಿಗೆ ಎಂಬತ್ತೆರಡು ವರ್ಷ. ಶ್ವಾಸಕೋಶದ ತೊಂದರೆಗಾಗಿ ಎರಡು ತಿಂಗಳಿಗೊಮ್ಮೆ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕರೆದೊಯ್ಯಬೇಕು. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳು. ಒಂದೊಂದೂ ಹಾವು ಸುತ್ತಿಕೊಂಡಂತೆ ತನ್ನ ಮೇಲೆಯೇ ತಿರುಗಿಕೊಳ್ಳುವಂತಹವು. ಕಳೆದ ಮಳೆಗಾಲದಲ್ಲಿ ಹಿಂತಿರುಗುವಾಗ ಐದು ಮಂದಿ ಇದ್ದೆವು. ಮಗ ಗಾಡಿ ನಡೆಸುತ್ತಿದ್ದ. ಒಂದು ತಿರುವಿನಲ್ಲಿ ಮೇಲಿನಿಂದ ಬಂದ ಮಿನಿಬಸ್ಸಿಗೆ ದಾರಿ ಬಿಟ್ಟು ನಿಂತು, ಮತ್ತೆ ಹೊರಡಿಸಿದಾಗ ಎಂಜಿನ್ ಒಮ್ಮೆ ಉಸಿರುಗಟ್ಟಿದಂತಾಗಿ, ಹಿಂದೆ ಕರಿಯ ಹೊಗೆ ಕಾರಿ, ನಿಂತುಬಿಟ್ಟಿತು. ಗಾಡಿ ಎರಡು ಮಾರು ಹಿಂದಕ್ಕೆ ಜಾರಿತು. ಹಿಂದೆ ಅಡಿಗಟ್ಟೆಯ ಆಚೆ ಕಾಡು, ಅದರ ಕೆಳಗೆ ಮಂಜು. ಮಗ ಕೈಬ್ರೇಕು ಎಳೆದು ಹಿಡಿದ. ಯಾರೂ ಮಾತನಾಡಲಿಲ್ಲ. ಅಮ್ಮ ಮಾತ್ರ, "ಇದಕ್ಕೂ ನನ್ನ ಹಾಗೆ ಏದುಸಿರು ಹಿಡೀತೇನೋ?" ಎಂದಳು.

ಆ ಮಾತು ಎಷ್ಟು ಯಥಾರ್ಥವಾಗಿತ್ತೆಂಬುದು ತಿಳಿಯಲು ಎರಡು ತಿಂಗಳು ಹಿಡಿಯಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ಅಭಿಪ್ರಾಯ ಸ್ಪಷ್ಟವಾಗಿತ್ತು. "ಅಪ್ಪ, ಇದೇ ಎಂಜಿನ್ನಿನಲ್ಲಿ 110 ಕುದುರೆಯ ಗಾಡಿಯನ್ನೂ ಅವರೇ ಮಾರಿದಾರೆ. ನಮ್ಮದರಲ್ಲಿ ಇಪ್ಪತ್ತೈದು ಕುದುರೆಗಳನ್ನ ಸುಮ್ನೆ ಕಟ್ಟಿ ಹಾಕಿದಾರೆ. ಬಿಚ್ಚಿಬಿಟ್ರೆ ಆಯ್ತು." ಬಿಚ್ಚುವ ವಿಧಾನವೂ ಅವನಿಗೆ ಗೊತ್ತಿತ್ತು. ಈಗಿನ ಎಂಜಿನ್ನುಗಳಲ್ಲಿ ಎಷ್ಟು ಡೀಸೆಲ್ ಚಿಮ್ಮಿಸಬೇಕು, ಯಾವ ಕ್ಷಣದಲ್ಲಿ ಚಿಮ್ಮಿಸಬೇಕು, ಟರ್ಬೋ ಎಷ್ಟು ಒತ್ತಡದ ಗಾಳಿ ಕೊಡಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಒಂದು ಸಣ್ಣ ಕಂಪ್ಯೂಟರು. ಅದರೊಳಗೆ ಪಂಚಾಂಗದ ಕೋಷ್ಟಕಗಳಂತೆ ಸಾಲುಸಾಲು ಅಂಕಿಗಳು ಇರುತ್ತವೆ. ಆ ಅಂಕಿಗಳನ್ನು ತಿದ್ದಿ ಬರೆಯುವುದಕ್ಕೆ 'ರೀಮ್ಯಾಪ್' ಎನ್ನುತ್ತಾರೆ. ತಿದ್ದಲಾರದವರಿಗೆಂದು ಇನ್ನೊಂದು ಅಗ್ಗದ ಉಪಾಯ ಉಂಟು. ಇಂಧನದ ಒತ್ತಡವನ್ನು ಅಳೆಯುವ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಒಂದು ಪುಟ್ಟ ಡಬ್ಬಿಯನ್ನು ಕೂಡಿಸಿದರೆ, ಅದು ಒತ್ತಡ ಕಡಿಮೆ ಇದೆಯೆಂದು ಸುಳ್ಳು ಸುದ್ದಿ ಕಳಿಸುತ್ತದೆ; ಕಂಪ್ಯೂಟರು ನಂಬಿ ಒತ್ತಡವನ್ನು ಏರಿಸುತ್ತದೆ; ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಚಾಡಿಕೋರನ ಮಾತು ಕೇಳಿ ನಡೆಯುವ ಸಂಸ್ಥಾನದಂತೆ ಅದರ ಆಡಳಿತ. ಈ ಡಬ್ಬಿಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿಲ್ಲ.

ಆದರೆ ಮಗನ ಮೊದಲನೆಯ ವಾದವನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. 85 ಕುದುರೆಯ ಡಸ್ಟರಿಗೂ 110 ಕುದುರೆಯದಕ್ಕೂ ಸಿಲಿಂಡರುಗಳ ಗಾತ್ರ ಒಂದೇ, 1461 ಘನ ಸೆಂಟಿಮೀಟರು. ರೆನೋ ಕಂಪನಿಯವರು 2001ರಿಂದ ಹತ್ತಾರು ಬಗೆಯ ಗಾಡಿಗಳಿಗೆ ಇಟ್ಟು ಪಳಗಿಸಿದ ಎಂಜಿನ್ ಅದು. ಹಾಗಾದರೆ ವ್ಯತ್ಯಾಸವೆಲ್ಲಿ? ಬಹುಮಟ್ಟಿಗೆ ಗಾಳಿಯಲ್ಲಿ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಹೊಗೆಯಿಲ್ಲದೆ ಉರಿಯಬೇಕಾದರೆ ಇನ್ನೂ ಹೆಚ್ಚು ಬೇಕು. ಡೀಸೆಲ್ ಎಷ್ಟಾದರೂ ಸುರಿಯಬಹುದು. ಗಾಳಿಯನ್ನು ತುಂಬುವುದೇ ಕಷ್ಟ. ಆ ಕಷ್ಟವನ್ನು ಪರಿಹರಿಸುವುದು ಟರ್ಬೋ. ಹೊರಗೆ ಹೋಗುವ ಬಿಸಿ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರ ತಿರುಗಿ, ಅದೇ ಅಚ್ಚಿನ ಇನ್ನೊಂದು ಕೊನೆಯ ಚಕ್ರದಿಂದ ಹೊಸ ಗಾಳಿಯನ್ನು ಒಳಕ್ಕೆ ಅದುಮುತ್ತದೆ. ಈ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದನ್ನು ತಾಕುವ ಹೊಗೆಯ ಬಿಸಿ ಏಳೆಂಟು ನೂರು ಡಿಗ್ರಿ ಮುಟ್ಟಬಹುದು. 110ರ ಗಾಡಿಯಲ್ಲಿ ಹೊಗೆಯ ದಾರಿಯನ್ನು ಬೇಕಾದಂತೆ ಕಿರಿದು ಹಿರಿದು ಮಾಡಿಕೊಳ್ಳುವ ರೆಕ್ಕೆಗಳುಳ್ಳ ಟರ್ಬೋ ಇತ್ತು. ನಮ್ಮದರಲ್ಲಿ ಇರುವುದು ರೆಕ್ಕೆಗಳಿಲ್ಲದ ಸಾದಾ ಟರ್ಬೋ. ಅದರ ಗೇರುಪೆಟ್ಟಿಗೆಯಲ್ಲಿ ಆರು ಗೇರು, ನಮ್ಮದರಲ್ಲಿ ಐದು. ಎಂಜಿನ್ ಒಂದೇ ಎಂದರೂ, ಶ್ವಾಸ ಬೇರೆ, ಹೆಗಲು ಬೇರೆ. ಕಟ್ಟಿ ಹಾಕಿದ ಕುದುರೆಗಳು ಅಲ್ಲಿ ಇಪ್ಪತ್ತೈದಿರಲಿಲ್ಲ. ಅಷ್ಟು ಕುದುರೆಗಳಿಗೆ ಬೇಕಾದ ಲಾಯವನ್ನೇ ಕಟ್ಟಿರಲಿಲ್ಲ.

ಇರಲಿ. ತಂದೆಯಾದವನು ವಾದದಲ್ಲಿ ಗೆದ್ದರೂ ಮಗನ ಜೊತೆಗೆ ಒಮ್ಮೆ ಹೋಗಿ ನೋಡಿಬರುವುದು ಮರ್ಯಾದೆ. ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿಗೆ ಹೋದೆವು. ನೆಲದಲ್ಲಿ ಹುದುಗಿಸಿದ ಉಕ್ಕಿನ ಉರುಳೆಗಳ ಮೇಲೆ ಗಾಡಿಯ ಮುಂದಿನ ಚಕ್ರಗಳನ್ನು ನಿಲ್ಲಿಸಿ, ಹಗ್ಗದಿಂದ ಬಿಗಿದು, ನಿಂತಲ್ಲಿಯೇ ಓಡಿಸಿ ಬಲವನ್ನು ಅಳೆಯುತ್ತಾರೆ. ಅಲ್ಲಿದ್ದ ತರುಣನಿಗೆ ಮೂವತ್ತು ದಾಟಿರಲಾರದು. ನಾನು ಅವನಿಂದ ಬಣ್ಣದ ಮಾತುಗಳನ್ನು ನಿರೀಕ್ಷಿಸಿ ಹೋಗಿದ್ದೆ. ಪರದೆಯ ಮೇಲೆ ಮೂಡಿದ ರೇಖೆಯನ್ನು ನೋಡಿ ಅವನು ತಲೆ ಕೆರೆದುಕೊಂಡ. ಚಕ್ರದಲ್ಲಿ ಸಿಕ್ಕಿದ್ದು 58 ಕುದುರೆ. ಎಂಜಿನ್ನಿನಿಂದ ಚಕ್ರಕ್ಕೆ ಬರುವಷ್ಟರಲ್ಲಿ ಗೇರುಗಳ ಉಜ್ಜಾಟದಲ್ಲಿ ಒಂದಷ್ಟು ಸವೆದುಹೋಗುವುದು ಸಹಜ. ಆದರೂ ಎಪ್ಪತ್ತರ ಮೇಲೆ ಬರಬೇಕಿತ್ತು. "ಅಂಕಲ್, ಈಗ ನಾನು ಮ್ಯಾಪ್ ಹಾಕಿದ್ರೆ ನನಗೆ ದುಡ್ಡು ಬರುತ್ತೆ, ನಿಮ್ಮ ಟರ್ಬೋ ಹೋಗುತ್ತೆ. ಮೊದಲು ಇರೋ ಪವರ್ ವಾಪಸ್ ಬರ್ಲಿ. ಆಮೇಲೆ ನೋಡೋಣ," ಎಂದ. ಬೆಂಗಳೂರಿನಲ್ಲಿ ಹೀಗೆ ಹೇಳುವವರೂ ಉಂಟೆಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಅವನ ಮಾತಿನ ತಿರುಳನ್ನು ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಟರ್ಬೋ ಅದುಮಿದ ಗಾಳಿ ನೇರವಾಗಿ ಎಂಜಿನ್ನಿಗೆ ಹೋಗುವುದಿಲ್ಲ. ಅದುಮಿದ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದರೆ ಅದುಮಿದ ಪ್ರಯೋಜನ ಅರ್ಧ ಹೋದಂತೆ. ಆದ್ದರಿಂದ ಅದನ್ನು ರಬ್ಬರಿನ ದಪ್ಪ ಕೊಳವೆಗಳ ಮೂಲಕ ಇಂಟರ್‌ಕೂಲರಿಗೆ ಕಳಿಸಿ, ಆರಿಸಿ, ಮತ್ತೆ ಕೊಳವೆಯಿಂದ ಎಂಜಿನ್ನಿಗೆ ತರುತ್ತಾರೆ. ಹನ್ನೆರಡು ವರ್ಷ ಬಿಸಿಗೂ ಎಣ್ಣೆಗೂ ಒಡ್ಡಿಕೊಂಡ ರಬ್ಬರು ಎಲ್ಲೋ ಒಂದು ಕಡೆ ಸೀಳುತ್ತದೆ. ಸೀಳಿದ ಕೊಳವೆಯಿಂದ ಗಾಳಿ ಸೋರಿದಾಗ ಕಂಪ್ಯೂಟರು ಕೇಳಿದ ಒತ್ತಡವನ್ನು ಪೂರೈಸಲು ಟರ್ಬೋ ತನ್ನ ಮಿತಿ ಮೀರಿ ಸುತ್ತಬೇಕಾಗುತ್ತದೆ. ತೂತು ಕೊಡದಲ್ಲಿ ನೀರು ತರುವವಳು ಎರಡು ಪಟ್ಟು ಓಡಬೇಕಾದ ಹಾಗೆ. ಇಂತಹ ಸ್ಥಿತಿಯಲ್ಲಿ ಇನ್ನೂ ಹೆಚ್ಚು ಒತ್ತಡ ತಾ ಎಂದು ಹೊಸ ಕೋಷ್ಟಕ ಬರೆದು ಇಟ್ಟರೆ ಮೊದಲು ಮುರಿಯುವುದು ಆ ಪುಟ್ಟ ಚಕ್ರದ ಅಚ್ಚು.

ಶಿವಮೊಗ್ಗದಲ್ಲಿ ನಾನು ಬಹುಕಾಲದಿಂದ ಬಲ್ಲ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಶೆಡ್ಡಿನಲ್ಲಿ ಉರುಳೆಗಳಿಲ್ಲ, ಪರದೆಯೂ ಇಲ್ಲ; ಹೊಗೆ ಹುಟ್ಟಿಸುವ ಒಂದು ಸಣ್ಣ ಯಂತ್ರವನ್ನು ಮಾತ್ರ ಇತ್ತೀಚೆಗೆ ಕೊಂಡಿದ್ದರು. ಗಾಳಿಯ ದಾರಿಗೆ ಹೊಗೆ ತುಂಬಿದಾಗ, ಇಂಟರ್‌ಕೂಲರಿನ ಕೆಳಗಿನ ಕೊಳವೆಯ ಹಿಡಿಕೆಯ ಹತ್ತಿರ ಬೆರಳುದ್ದದ ಸೀಳಿನಿಂದ ಅದು ಎಳೆ ಎಳೆಯಾಗಿ ಹೊರಬಂದಿತು. ಆ ಕೊಳವೆಯನ್ನು ಹಿಂದೆ ಯಾರೋ ಬಿಚ್ಚಿ ಕೂಡಿಸುವಾಗ ಹಿಡಿಕೆಯನ್ನು ಓರೆಯಾಗಿ ಬಿಗಿದಿದ್ದರಂತೆ. "ನೋಡಿ ಸಾರ್, ಎಷ್ಟು ದಿನದಿಂದ ಉಸಿರು ಹೊರಗೆ ಬಿಡ್ತಾ ಇದೆಯೋ ಪಾಪ," ಎಂದು ಅವರು ಎಂಜಿನ್ನನ್ನು ಕುರಿತು ಹೇಳಿದ ರೀತಿ, ವೈದ್ಯರು ರೋಗಿಯ ಬಗ್ಗೆ ಹೇಳುವ ರೀತಿಯಲ್ಲಿಯೇ ಇತ್ತು.

ಇನ್ನೂ ಕೆಲವು ಕಾಯಿಲೆಗಳು ಸಿಕ್ಕಿದವು. ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳಿಸಿ ಉರಿಯ ಕಾವನ್ನು ತಗ್ಗಿಸುವ ಕವಾಟವೊಂದು ಈ ಎಂಜಿನ್ನುಗಳಲ್ಲಿ ಇರುತ್ತದೆ, ಇ.ಜಿ.ಆರ್. ಎನ್ನುತ್ತಾರೆ. ವಿಷವಾಯುವನ್ನು ಕಡಿಮೆ ಮಾಡಲು ಕಲ್ಪಿಸಿದ ಉಪಾಯ. ಆದರೆ ಹೊಗೆಯ ಮಸಿಯೂ ಎಣ್ಣೆಯ ಆವಿಯೂ ಕೂಡಿ ಕೊಳವೆಯ ಒಳಗೋಡೆಗೆ ಮೆತ್ತಿ ಗಟ್ಟಿಯಾಗುತ್ತವೆ. ನಮ್ಮ ಗಾಡಿಯಲ್ಲಿ ಹೆಬ್ಬೆರಳು ತೂರುವ ದಾರಿಯಲ್ಲಿ ಕಿರುಬೆರಳು ತೂರುವಷ್ಟು ಜಾಗ ಉಳಿದಿತ್ತು. ಅಜ್ಜನ ಕಾಲದ ಅಡಿಗೆಮನೆಯ ಹೊಗೆಗಿಂಡಿಯೂ ಅಷ್ಟು ಕರಿ ಹಿಡಿದಿರಲಾರದು. ಕವಾಟ ಅರೆ ತೆರೆದೇ ಅಂಟಿಕೊಂಡಿತ್ತು. ಕೆಲವರು ಅದನ್ನು ಮುಚ್ಚಿಬಿಡುವುದೇ ಬಲ ಹೆಚ್ಚಿಸುವ ದಾರಿ ಎನ್ನುತ್ತಾರೆ. ಅದು ನೆರೆಮನೆಯ ಅಂಗಳಕ್ಕೆ ಕಸ ಗುಡಿಸುವ ಜಾಣತನ. ಮೇಸ್ತ್ರಿಗಳು ಅದನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದರು. ಗಾಳಿಯ ಫಿಲ್ಟರು ಹೊಸದಾಯಿತು, ಡೀಸೆಲ್ಲಿನದೂ ಹೊಸದಾಯಿತು. ಮುಂದಿನ ಎಡಚಕ್ರದ ಬ್ರೇಕು ಪೂರ್ತಿ ಬಿಡದೆ ಸದಾ ಸ್ವಲ್ಪ ಹಿಡಿದುಕೊಂಡೇ ಇತ್ತು, ಅದನ್ನೂ ಸರಿಪಡಿಸಿದರು. ಒಂದು ಕೈಯಿಂದ ತಳ್ಳುತ್ತ ಇನ್ನೊಂದು ಕೈಯಿಂದ ಎಳೆದು ಹಿಡಿಯುವ ಇಂತಹ ದೋಷಗಳನ್ನು ಎಂಜಿನ್ನಿನ ದೌರ್ಬಲ್ಯವೆಂದು ತಿಳಿಯುವವರೇ ಹೆಚ್ಚು.

ಮಗ ಗಾಡಿಯನ್ನು ಮತ್ತೆ ಬೆಂಗಳೂರಿನ ಉರುಳೆಗಳ ಮೇಲೆ ನಿಲ್ಲಿಸಿದ. 71 ಬಂದಿತು. ಹದಿಮೂರು ಕುದುರೆಗಳು ಮರಳಿ ಲಾಯಕ್ಕೆ ಬಂದಿದ್ದವು. ಖರ್ಚಾದುದು ರೀಮ್ಯಾಪಿಗೆ ಕೇಳಿದ್ದ ಹಣದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ.

ಘಾಟಿಯ ಪ್ರಶ್ನೆ ಇಷ್ಟಕ್ಕೇ ತೀರಲಿಲ್ಲ. ಏರುವುದಕ್ಕೆ ನಿಜವಾಗಿ ಎಷ್ಟು ಬಲ ಬೇಕು? ಇದನ್ನು ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಗಾಡಿಯ ತೂಕ ಸುಮಾರು 1250 ಕಿಲೋ. ಐವರು ಮನುಷ್ಯರೂ ಸಾಮಾನೂ ಸೇರಿ ಇನ್ನು 400 ಎನ್ನೋಣ. ಹನ್ನೆರಡು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಗಂಟೆಗೆ 30 ಕಿಲೋಮೀಟರು ವೇಗದಿಂದ ಹೋಗಲು, ಬರಿಯ ಏರಿಗೆ 15 ಕುದುರೆ ಸಾಕು. ಟಯರುಗಳ ಎಳೆತ, ಗೇರುಗಳ ಉಜ್ಜಾಟ ಎಲ್ಲ ಕೂಡಿದರೆ ಇಪ್ಪತ್ತು. 85 ಕುದುರೆಗಳನ್ನು ಹೂಡಿರುವಾಗ ಇಪ್ಪತ್ತಕ್ಕೇಕೆ ಬರಗಾಲ? ಉತ್ತರ ಸರಳವಾಗಿದೆ. ಆ 85 ಸಿಗುವುದು ಎಂಜಿನ್ ನಿಮಿಷಕ್ಕೆ 3750 ಸುತ್ತು ಸುತ್ತುವಾಗ ಮಾತ್ರ. ತಿರುಚುಬಲ, ಅಂದರೆ ಟಾರ್ಕ್, ಪೂರ್ತಿ 200 ನ್ಯೂಟನ್ ಮೀಟರು ಸಿಗುವುದು 1900 ಸುತ್ತಿನಲ್ಲಿ. ಆಗ ಬಲ 54 ಕುದುರೆ. ಆದರೆ ಎಂಜಿನ್ 1200 ಸುತ್ತಿಗೆ ಇಳಿದಾಗ ಟರ್ಬೋಗೆ ಹೊಗೆಯ ರಭಸ ಸಾಲದೆ ಅದು ಅರೆನಿದ್ದೆಯಲ್ಲಿರುತ್ತದೆ. ತಿರುಚುಬಲ ಅರ್ಧಕ್ಕಿಳಿಯಿತೆಂದು ಭಾವಿಸಿದರೆ ಕೈಗೆ ಸಿಗುವುದು 17 ಕುದುರೆ ಮಾತ್ರ. ಬೇಕಾದುದು ಇಪ್ಪತ್ತು, ಇರುವುದು ಹದಿನೇಳು. ಈ ಮೂರು ಕುದುರೆಗಳ ಕೊರತೆಯಿಂದಲೇ ಗಾಡಿ ತಿರುವಿನಲ್ಲಿ ನಡುಗಿ ನಿಲ್ಲುವುದು. ಸಣ್ಣ ಎಂಜಿನ್ನಿಗೆ ಟರ್ಬೋ ಕಟ್ಟಿದ ಎಲ್ಲ ಕಂಪನಿಗಳ ಗಾಡಿಗಳಿಗೂ ಈ ಗುಣ ಹೆಚ್ಚು ಕಡಿಮೆ ಇದ್ದದ್ದೇ.

ಇಲ್ಲಿಯೇ ರೀಮ್ಯಾಪಿನ ಜಾಹೀರಾತುಗಳು ಹೇಳದ ಒಂದು ವಿಷಯ ಅಡಗಿದೆ. ಕೋಷ್ಟಕ ತಿದ್ದಿ ಏರಿಸುವ ಬಲವೆಲ್ಲ ಬಹುಪಾಲು ಟರ್ಬೋ ಎಚ್ಚೆತ್ತ ಮೇಲಿನದು, 2000 ಸುತ್ತಿನ ಮೇಲಿನದು. ನಿದ್ದೆಯಲ್ಲಿರುವ ಟರ್ಬೋವನ್ನು ಯಾವ ಅಂಕಿಯೂ ಎಬ್ಬಿಸಲಾರದು. ಅದನ್ನು ಎಬ್ಬಿಸುವುದು ಗೇರು. ಎರಡನೆಯ ಗೇರಿನಲ್ಲಿ ಏದುಸಿರು ಬಿಡುವ ಮುನ್ನವೇ ಒಂದನೆಯದಕ್ಕೆ ಇಳಿಸಿ, ಎಂಜಿನ್ನನ್ನು 2000ದ ಮೇಲೆ ಹಾಡಿಸುತ್ತ ತಿರುವಿಗೆ ಹೋದರೆ, ಹಳೆಯ 85ರ ಗಾಡಿಯೂ ಹಿಂದೆ ನೋಡದೆ ಏರುತ್ತದೆ. ಮಗನಿಗೆ ಇದನ್ನು ಹೇಳಿದಾಗ, "ಮೈಲೇಜು ಹೋಗುತ್ತಲ್ಲ ಅಪ್ಪ," ಎಂದ. ಬಲ ಬೇಕೆನ್ನುವವರೂ ಮೈಲೇಜು ಬೇಕೆನ್ನುವವರೂ ಒಬ್ಬರೇ ಆಗಿರುವುದು ನಮ್ಮ ಕಾಲದ ವಿಶೇಷ. ಪೆಟ್ರೋಲ್ ಡಸ್ಟರ್ ಇರುವ ನನ್ನ ಮಿತ್ರರಿಗೆ ಈ ಟರ್ಬೋ ಪುರಾಣ ಅನ್ವಯಿಸುವುದಿಲ್ಲ, ಅವರ 1.6 ಲೀಟರಿನ ಎಂಜಿನ್ನಿಗೆ ಟರ್ಬೋ ಇಲ್ಲ. ಅವರ ಕಷ್ಟ ಬೇರೆ: ಬೆಂಗಳೂರಿನ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಶೇಕಡಾ 8ರಷ್ಟು ತೆಳು, ಬಲವೂ ಸರಿಸುಮಾರು ಅಷ್ಟೇ ಕಡಿಮೆ. ಅಂತಹ ಎಂಜಿನ್ನಿಗೆ ಕೋಷ್ಟಕ ತಿದ್ದಿದರೆ ಸಿಗುವುದು ನಾಲ್ಕಾರು ಕುದುರೆ. ಅದಕ್ಕೆ ಹಣ ಚೆಲ್ಲುವುದು ವ್ಯರ್ಥ.

ಹಾಗೆಂದು ರೀಮ್ಯಾಪ್ ಎಂಬುದೇ ಮೋಸವೆಂದು ನಾನು ಹೇಳುತ್ತಿಲ್ಲ. ತಯಾರಕರು ತಮ್ಮ ಕೋಷ್ಟಕವನ್ನು ಬರೆಯುವಾಗ ಕೆಟ್ಟ ಡೀಸೆಲ್, ಬೇಸಿಗೆಯ ಉರಿ, ಎಣ್ಣೆ ಬದಲಿಸದ ಸೋಮಾರಿ ಮಾಲೀಕ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದು ಅಂಚನ್ನು ಉಳಿಸಿರುತ್ತಾರೆ. ಬಲ್ಲವನು ಆ ಅಂಚಿನೊಳಗೆ ಮಿತವಾಗಿ ತಿದ್ದಿದರೆ, ಲಾರಿಯನ್ನು ಹಿಂದೆ ಹಾಕುವ ಆ ನಾಲ್ಕು ಸೆಕೆಂಡುಗಳು ಮೂರಾಗುವುದು ನಿಜ. ಹೆದ್ದಾರಿಯಲ್ಲಿ ಆ ಒಂದು ಸೆಕೆಂಡಿಗೆ ಬೆಲೆ ಉಂಟು. ಆದರೆ ಆ ಅಂಚು ಹೊಸ ಗಾಡಿಯದು. ಹನ್ನೆರಡು ವರ್ಷದ ಗಾಡಿ ಅದರಲ್ಲಿ ಬಹುಪಾಲನ್ನು ಆಗಲೇ ತಿಂದು ಮುಗಿಸಿರುತ್ತದೆ. ನಮ್ಮ ಗಾಡಿಯ ಕ್ಲಚ್ಚು ಇನ್ನೂ ಕೊಂಡಾಗಿನದೇ. ಟರ್ಬೋ ಕೂಡ ಅದೇ. ಹಿಂದಿನ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕು. ಬಲವನ್ನು ಏರಿಸುವವರು ಏರಿದ್ದನ್ನು ನಿಲ್ಲಿಸುವ ಬಗೆಯನ್ನು ಮಾತನಾಡುವುದು ಅಪರೂಪ. ಆಗುಂಬೆಯನ್ನು ಏರಿದವನು ಇಳಿಯಲೂ ಬೇಕಲ್ಲವೆ?

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಗೊತ್ತುಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ವಿಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಕೋಷ್ಟಕ ತಿದ್ದಿದರೆ ಸಿಲಿಂಡರಿನ ಗಾತ್ರವೇನೂ ಬದಲಾಗದಲ್ಲ ಎಂದು ಆ ವ್ಯಾಪಾರದವರು ವಾದಿಸುತ್ತಾರೆ. ವಾದ ಕೇಳಲು ಚೆನ್ನಾಗಿದೆ. ಆದರೆ ಅಪಘಾತವಾದ ಮೇಲೆ ವಿಮೆಯ ಕಂಪನಿಯ ಪರೀಕ್ಷಕನ ಎದುರು ಅದನ್ನು ಮಂಡಿಸುವ ಪ್ರಸಂಗ ಯಾರಿಗೂ ಬರಬಾರದು. ಮಾಡಿಸುವುದೇ ಆದರೆ ಅವರಿಗೆ ಮುಂಚಿತವಾಗಿ ಬರೆದು ತಿಳಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ನಮ್ಮ ಮನೆಯಲ್ಲಿ ಸದ್ಯಕ್ಕೆ ಒಂದು ಒಪ್ಪಂದವಾಗಿದೆ. ಅಮ್ಮನನ್ನು ಕರೆದೊಯ್ಯುವ ದಿನ ಗಾಡಿ ನಡೆಸುವವರು ಯಾರೇ ಆಗಲಿ, ಘಾಟಿಯಲ್ಲಿ ಮೈಲೇಜಿನ ಮಾತೆತ್ತಬಾರದು. ಟಯರುಗಳ ಗಾಳಿಯನ್ನು ಹಿಂದಿನ ದಿನವೇ ನೋಡಿಸಬೇಕು. ಹಿಂದಿನ ಡಿಕ್ಕಿಯಲ್ಲಿ ವರ್ಷಗಳಿಂದ ಬಿದ್ದಿದ್ದ ಎರಡು ಮೂಟೆ ಸಿಮೆಂಟಿನ ಚೂರು, ಹಳೆಯ ಪಂಪು, ತೋಟದ ಕೊಳವೆಗಳು ಇಳಿದಿವೆ. ತೂಗಿ ನೋಡಿದರೆ ಅರವತ್ತು ಕಿಲೋ ಮೇಲಿತ್ತು, ಅಂದರೆ ಒಬ್ಬ ಪ್ರಯಾಣಿಕನಷ್ಟು. ಮಗ ರೀಮ್ಯಾಪಿನ ಆಸೆಯನ್ನು ಬಿಟ್ಟಿಲ್ಲ. ಕ್ಲಚ್ಚಿನ ತಟ್ಟೆ ಬದಲಿಸುವ ದಿನ ಆ ಮಾತನ್ನು ಮತ್ತೆ ಎತ್ತುವುದಾಗಿ ಹೇಳಿದ್ದಾನೆ. ತಟ್ಟೆ ಮುಂದಿನ ದೀಪಾವಳಿಯವರೆಗೆ ಬಾಳೀತೆಂದು ಮೇಸ್ತ್ರಿಗಳ ಅಂದಾಜು.